ಶಾಖ ಅಳೆಯುವುದಕ್ಕೆ ಒಂದು ಜೀವಮಾನ ಬೇಕೆ?

ಅಲೆಕ್ಸಾಂಡ್ರಾ ನವ್ರಾಟ್ಸ್ಕಿ ಎಂಬ ಅಮೆರಿಕದ ವಿಜ್ಞಾನಿ ಐದು ದಶಕಗಳಿಗೂ ಮೀರಿ ಖನಿಜಗಳ ಶಾಖವನ್ನು ಅಳೆಯುತ್ತ ಬಂದವರು ಎಂದು ತರಗತಿಯಲ್ಲಿ ಹೇಳಿದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ: ಥರ್ಮಾಮೀಟರ್ ಇಟ್ಟರೆ ಮುಗಿಯಿತಲ್ಲ, ಅಷ್ಟು ವರ್ಷ ಏನು ಅಳೆದರು?

ಥರ್ಮಾಮೀಟರ್ ತೋರಿಸುವುದು ತಾಪಮಾನವನ್ನು. ಅವರಿಗೆ ಬೇಕಾಗಿದ್ದುದು, ಮೆಗ್ನೀಷಿಯಂ ಆಕ್ಸೈಡ್ ಮತ್ತು ಸಿಲಿಕಾ ಕೂಡಿ ಆಲಿವಿನ್ ಬಗೆಯ ಖನಿಜವಾಗುವಾಗ ಎಷ್ಟು ಶಾಖ ಹೊರಬೀಳುತ್ತದೆ ಎಂಬಂಥ ಲೆಕ್ಕ. ಆದರೆ ಈ ಪುಡಿಗಳನ್ನು ಬೆರೆಸಿ ಸಾವಿರ ಡಿಗ್ರಿಗೆ ಕಾಯಿಸಿದರೂ ಅವು ಕೂಡುವುದು ಬಹಳ ನಿಧಾನ; ಹಾಗೆ ಹನಿಹನಿಯಾಗಿ ಬರುವ ಶಾಖವನ್ನು ನೇರವಾಗಿ ಹಿಡಿಯುವುದು ಬಹುತೇಕ ಅಸಾಧ್ಯ. ಆದ್ದರಿಂದ ಸುತ್ತುದಾರಿ ಹಿಡಿಯಬೇಕು. ಕೆಲವೇ ಮಿಲಿಗ್ರಾಂ ತೂಕದ ಗುಳಿಗೆಯನ್ನು ಸುಮಾರು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ನಿಂತಿರುವ ಸೀಸದ ಬೋರೇಟಿಗೆ ಬೀಳಿಸಿ, ಅದು ಕರಗುವಾಗಿನ ಶಾಖವನ್ನು ಅಳೆಯುತ್ತಾರೆ. ಖನಿಜಕ್ಕೊಮ್ಮೆ, ಅದರ ಘಟಕಗಳಿಗೆ ಬೇರೆಬೇರೆಯಾಗಿ ಒಮ್ಮೊಮ್ಮೆ. ಯಾವ ದಾರಿಯಲ್ಲಿ ಹೋದರೂ ಒಟ್ಟು ಶಾಖ ಒಂದೇ ಎಂದು 1840ರಲ್ಲಿ ರಸಾಯನವಿಜ್ಞಾನಿ ಹೆಸ್ ತೋರಿಸಿಕೊಟ್ಟಿದ್ದರಿಂದ, ಒಂದರಿಂದ ಇನ್ನೊಂದನ್ನು ಕಳೆದರೆ ಬೇಕಾದ ಸಂಖ್ಯೆ ಸಿಗುತ್ತದೆ. ಮೇಲಿನ ಖನಿಜಕ್ಕೆ ಅದು ಮೋಲ್ ಒಂದಕ್ಕೆ ಸುಮಾರು 60 ಕಿಲೋಜೂಲ್.

ತಕ್ಕಡಿಯ ಮೇಲೆ ಸುಮ್ಮನೆ ಕೂರದ ಕೂಸನ್ನು ತೂಗುವುದು ಹೇಗೆಂದು ಅಂಗನವಾಡಿ ಕಂಡವರಿಗೆ ಗೊತ್ತು: ತಾಯಿಯನ್ನು ಕೂಸಿನೊಡನೆ ತೂಗಿ, ಬಳಿಕ ಒಬ್ಬಳನ್ನೇ ತೂಗಿ, ಕಳೆಯುವುದು. ತಾಯಿಯ ತೂಕದಲ್ಲಿ ಆದ ಅಲ್ಪ ತಪ್ಪು ಕೂಸಿನ ತೂಕದಲ್ಲಿ ಬಹು ದೊಡ್ಡದಾಗಿ ಕಾಣುತ್ತದೆ. ಅದಕ್ಕಾಗಿಯೇ ಒಂದೇ ವಸ್ತುವಿನ ಗುಳಿಗೆಗಳನ್ನು ಮತ್ತೆ ಮತ್ತೆ ಬೀಳಿಸಬೇಕು, ಪ್ರತಿ ಸಲವೂ ಉಪಕರಣ ಮೊದಲಿನ ಸ್ಥಿತಿಗೆ ಮರಳುವವರೆಗೆ ಕಾಯಬೇಕು. ಈ ತಾಳ್ಮೆಯನ್ನು ನವ್ರಾಟ್ಸ್ಕಿ ಕಲಿತದ್ದು ಷಿಕಾಗೊ ವಿಶ್ವವಿದ್ಯಾಲಯದಲ್ಲಿ, ನಾರ್ವೆ ಮೂಲದ ಓಲೆ ಕ್ಲೆಪ್ಪಾ ಅವರ ಬಳಿ. ಅಲ್ಲಿಯೇ 1967ರಲ್ಲಿ ಡಾಕ್ಟರೇಟ್ ಪಡೆದರು.

ನನಗೆ ಬಹಳ ಇಷ್ಟವಾದದ್ದು ಅಲ್ಯೂಮಿನದ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ, ಪ್ರಸಂಗ. ಅಲ್ಯೂಮಿನದ ಅತ್ಯಂತ ಸ್ಥಿರ ರೂಪ ಕುರುಂದ (ನಮ್ಮ ಮಾಣಿಕ್ಯ, ನೀಲಗಳೂ ಇದೇ). ಆದರೂ ಅತಿ ನವುರಾದ ಪುಡಿಯಾಗಿ ತಯಾರಿಸಿದಾಗ ಸಾಮಾನ್ಯವಾಗಿ ಸಿಗುತ್ತಿದ್ದುದು ಗಾಮಾ ಎಂಬ ಇನ್ನೊಂದು ರೂಪ. ಗ್ರಾಂ ಒಂದಕ್ಕೆ ಮೇಲ್ಮೈ ಸುಮಾರು 125 ಚದರ ಮೀಟರ್ ದಾಟಿದರೆ ಶಕ್ತಿಯ ಲೆಕ್ಕದಲ್ಲಿ ಗಾಮಾ ರೂಪವೇ ಹೆಚ್ಚು ಸ್ಥಿರವೆಂದು 1997ರಲ್ಲಿ ಅವರೂ ಸಹೋದ್ಯೋಗಿಗಳೂ ತೋರಿಸಿದರು. ಅಂಥ ಪುಡಿ ಗಾಳಿಯ ತೇವವನ್ನು ಹೀರಿಕೊಂಡೇ ಇರುತ್ತದೆ. ಆದ್ದರಿಂದ ಅಂಟಿದ ನೀರಿನ ಪಾಲಿನ ಶಾಖವನ್ನೂ ಲೆಕ್ಕಹಾಕಿ ಕಳೆದ ಮೇಲಷ್ಟೇ ಅಲ್ಯೂಮಿನದ ಪಾಲು ಎಷ್ಟೆಂದು ಹೇಳಲು ಬರುತ್ತಿತ್ತು.