ಹಿಂಡಲಗಾದಿಂದ ವಾಪಸ್

ಕಾಕಾನ ಮಗನನ್ನು ನೋಡಲು ಇವತ್ತು ಹಿಂಡಲಗಾ ಜೈಲಿಗೆ ಹೋಗಿದ್ದೆ. 23 ವರ್ಷ, ಮೊದಲ ಶಿಕ್ಷೆ. ಮುಖ ಇಳಿದುಹೋಗಿತ್ತು. "ಹಗಲು ಹೆಂಗೋ ಹೋಗ್ತದ ಅಣ್ಣಾ, ಸಂಜೆ ನಮ್ಮನ್ನ ಎಣಿಸಿ ಬಾಗಿಲು ಹಾಕಿದ ಮೇಲೆ ಹೊತ್ತೇ ಹೋಗೂದಿಲ್ಲ" ಎಂದ.

ಕಠಿಣ ಸಜೆ, ಅದಕ್ಕೇ ಕೆಲಸ ಮಾಡಲೇಬೇಕು. ಕೂಲಿ ಸಿಗುತ್ತದೆ. ಅಪೀಲಿಗೆ ದುಡ್ಡಿಲ್ಲ ಅಂತ ಹೆದರಿದ್ದ. ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದರೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ ಎಂದೆ. ವಿಚಾರಣೆ ವೇಳೆ ಒಳಗಿದ್ದ ದಿನಗಳನ್ನು ಶಿಕ್ಷೆಯಿಂದ ಕಳೆಯುತ್ತಾರೆ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಹೇಳಿದ ತಕ್ಷಣ ಬೆರಳು ಮಡಚಿ ತಿಂಗಳು ಎಣಿಸತೊಡಗಿದ. ಚಿಕ್ಕವನಿದ್ದಾಗ ಜಾತ್ರೆಗೂ ಹೀಗೇ ಎಣಿಸುತ್ತಿದ್ದ.

ಕಾಕು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಒಳಗೆ ಬಿಡಲಿಲ್ಲ. ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಕೂತಿದ್ದೇನೆ. ಇದನ್ನು ಕಾಕುಗೆ ಹೇಗೆ ವಾಪಸ್ ಕೊಡಲಿ?