ಬಂಡೆ ಮೇಲೆ ಬರೆದಿದ್ದರೂ ನಂಬಲಿಲ್ಲ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ತಪ್ಪಲಲ್ಲಿ ಟ್ಯೂಲ್ ರಿವರ್ ಬುಡಕಟ್ಟಿನವರ ನೆಲ ಇದೆ. ಅಲ್ಲಿನ ಒಂದು ಬಂಡೆಯ ಮೇಲೆ ಅವರ ಹಿರಿಯರು ಬರೆದ ಚಿತ್ರಗಳಿವೆ. 500ರಿಂದ 1000 ವರ್ಷ ಹಳೆಯವು ಎಂದು ಅಂದಾಜು. ಅವುಗಳಲ್ಲಿ ಬೀವರ್ ಕೂಡ ಇದೆ, ಅದೇ, ಮರ ಕಡಿದು ಹಳ್ಳಕ್ಕೆ ಒಡ್ಡು ಕಟ್ಟುವ ಆ ಚಪ್ಪಟೆ ಬಾಲದ ಪ್ರಾಣಿ. ಆದರೂ ಎಷ್ಟೋ ದಶಕ ತಜ್ಞರು ಈ ಬೆಟ್ಟಗಳ ಮೇಲುಭಾಗದಲ್ಲಿ ಬೀವರ್ ಇರಲೇ ಇಲ್ಲ ಅಂತಲೇ ಹೇಳುತ್ತಿದ್ದರು. ಎಲ್ಲಿಂದ ಕಾಣಬೇಕು? ಅವರು ಲೆಕ್ಕ ಇಡಲು ಶುರು ಮಾಡುವ ಹೊತ್ತಿಗೆ ತುಪ್ಪಳದ ವ್ಯಾಪಾರಕ್ಕಾಗಿ ಅವನ್ನೆಲ್ಲ ಕೊಂದು ಮುಗಿಸಿ ಆಗಿತ್ತಲ್ಲ!

ಬೀವರ್ ಹೋದರೆ ಹಳ್ಳಕ್ಕೆ ಏನಾಗುತ್ತೆ? ತಡೆಯುವ ಒಡ್ಡುಗಳಿಲ್ಲದೆ ಇಳಿಜಾರಿನ ನೀರು ರಭಸವಾಗಿ ಓಡುತ್ತದೆ, ತಳ ಕೊರೆಯುತ್ತದೆ, ಹಳ್ಳ ಆಳವಾದಷ್ಟೂ ಅಕ್ಕಪಕ್ಕದ ನೆಲದೊಳಗಿನ ನೀರೂ ಅದರ ಜೊತೆ ಕೆಳಗಿಳಿದು ಹುಲ್ಲುಗಾವಲು ಒಣಗಿ ಹೋಗುತ್ತದೆ. ಒಡ್ಡು ಇದ್ದರೆ ನೀರು ನಿಂತು ಹರಡಿ ಇಂಗುತ್ತದೆ, ಮಣ್ಣು ಕೂತು ತಳ ಮೇಲೇಳುತ್ತದೆ. ಕಾಡ್ಗಿಚ್ಚು ಬಂದಾಗಲೂ ಆ ಒದ್ದೆ ಜಾಗ ಹಸಿರಾಗಿ ಉಳಿಯುವುದು ಜಾಸ್ತಿ. ಟ್ಯೂಲ್ ರಿವರ್ ಜನರಿಗೆ ಇದು ಸುಮ್ನೆ ಪರಿಸರದ ಮಾತಲ್ಲ. ಅವರ ಕುಡಿಯುವ ನೀರಿನ ಹೆಚ್ಚಿನ ಪಾಲು ಟ್ಯೂಲ್ ನದಿಯ ಜಲಾನಯನದಿಂದಲೇ ಬರುತ್ತದೆ. ಹಾಗಾಗಿ ಬರಗಾಲದ ವರ್ಷಗಳಿಂದಲೇ ಬೀವರ್ ಬೇಕು ಅಂತ ಕೇಳುತ್ತಾ ಬಂದರು. ಸರ್ಕಾರ ಕೊನೆಗೆ ಒಪ್ಪಿ, 2024ರ ಜೂನ್‌ನಲ್ಲಿ ಅಲ್ಲಿ ಬೀವರ್‌ಗಳನ್ನು ಬಿಟ್ಟಿತು.

ಅದಕ್ಕೂ ಮೊದಲು, 2023ರ ಅಕ್ಟೋಬರ್‌ನಲ್ಲಿ, ಉತ್ತರ ಕ್ಯಾಲಿಫೋರ್ನಿಯಾದ ಮೈಡು ಬುಡಕಟ್ಟಿನವರ ಟಾಸ್ಮಮ್ ಕೊಯೋಮ್ ಕಣಿವೆಗೆ ಏಳು ಬೀವರ್‌ಗಳ ಒಂದು ಕುಟುಂಬ ಬಂದಿತ್ತು. ಆ ಕಣಿವೆ ಒಂದು ವಿದ್ಯುತ್ ಕಂಪನಿಯ ಕೈಯಲ್ಲಿತ್ತು, 2019ರಲ್ಲಿ ಮೈಡು ಜನರಿಗೆ ವಾಪಸ್ ಸಿಕ್ಕಿತು. ನನ್ನ ಪ್ರಕಾರ ಮುಖ್ಯವಾದ ವಿಷಯ ಇದೇ. ನೆಲ ಅವರದ್ದಾಗಿ, ತೀರ್ಮಾನವೂ ಅವರದ್ದಾದ ಮೇಲೆ ಹಳ್ಳದ ಕೆಲಸ ಮುಂದೆ ಸಾಗಿತು. ಬರೀ 'ಅಭಿಪ್ರಾಯ ತಿಳಿಸಿ' ಅಂತ ಸಭೆಗೆ ಕರೆದು ಕಾಫಿ ಕೊಟ್ಟು ಕಳಿಸಿದ್ದರೆ ಇದು ಆಗುತ್ತಿತ್ತಾ? ನನಗಂತೂ ಅನುಮಾನ.

ಬೀವರ್ ಬಂದರೆ ತಲೆನೋವೂ ಇದೆ, ಸುಳ್ಳು ಹೇಳಬಾರದು. ಬೇಡದ ಮರ ಕಡಿಯುತ್ತವೆ, ರಸ್ತೆ ಕೆಳಗಿನ ಮೋರಿ ಮುಚ್ಚುತ್ತವೆ. ಉಳಿಸಬೇಕಾದ ಮರಕ್ಕೆ ತಂತಿಬಲೆ ಸುತ್ತಬೇಕು. ನೀರು ತೀರಾ ಏರುವ ಕಡೆ ಒಡ್ಡಿನೊಳಗೆ ಪೈಪ್ ತೂರಿಸಿ ಮಟ್ಟ ಇಳಿಸುತ್ತಾರೆ. ಆ ಪೈಪಿನ ಬಾಯಿಗೂ ಬಲೆಯ ಗೂಡು ಕಟ್ಟಬೇಕು, ಇಲ್ಲದಿದ್ದರೆ ಅದನ್ನೂ ಮುಚ್ಚಿಬಿಡುತ್ತವೆ.