ತಂತಿಯ ಕೆಳಗಿನ ಬೆಟ್ಟ

“ಹಾಗಾದರೆ ನಮ್ಮ ಬೆಟ್ಟಕ್ಕೆ ಬೆಂಕಿ ಬಿದ್ದದ್ದೂ ಒಳ್ಳೆಯದೇ ಆಯಿತಲ್ಲ ಮಾರಾಯ” ಎಂದು ಮೇಲಿನಮನೆ ಅಣ್ಣಯ್ಯ ನಮ್ಮ ಜಗಲಿಯಲ್ಲಿ ಕುಳಿತು ಆಡಿದ ಮಾತು ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬೆಟ್ಟದ ಮರಕ್ಕೆ ಕೊಡಲಿ ಹಾಕಲು ಬಂದವರೊಡನೆ ಒಬ್ಬರೇ ನಿಂತು ಜಗಳವಾಡಿದ ಮನುಷ್ಯ ಅವರು. ಆದರೆ ಎದುರಿನವರು ಮಾತು ಮುಗಿಸುವ ಮೊದಲೇ ತೀರ್ಮಾನಕ್ಕೆ ಬಂದುಬಿಡುವ ಸ್ವಭಾವವೂ ಅವರದ್ದೇ.

ಮಾತು ಶುರುವಾದದ್ದು ನನ್ನ ತಂಗಿಯ ಮಗನಿಂದ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ, 2016ರಲ್ಲಿ ಫೋರ್ಟ್ ಮೆಕ್‌ಮರಿಯ ಸುತ್ತ ಸುಮಾರು 5.9 ಲಕ್ಷ ಹೆಕ್ಟೇರ್ ಸುಟ್ಟ ಪ್ರದೇಶದಲ್ಲಿ ಮರುಹುಟ್ಟಿನ ಸಸಿಗಳನ್ನು ಎಣಿಸುವುದು ಅವನ ಕೆಲಸ. ಅಲ್ಲಿ ನೆಲದಡಿಯ ತೈಲ ಹುಡುಕಲು ಕಾಡಿನ ನಡುವೆ ನೂಲು ಹಿಡಿದಂತೆ ನೇರವಾದ ಗೆರೆಗಳನ್ನು ಕಡಿದು, ಅದರ ಗುಂಟ ಸಿಡಿಮದ್ದು ಸಿಡಿಸಿ ಅಥವಾ ಯಂತ್ರದಿಂದ ನೆಲ ನಡುಗಿಸಿ, ಆಳದ ಕಲ್ಲಿನ ಪದರಗಳಿಗೆ ತಾಗಿ ಮರಳುವ ಅಲೆಗಳನ್ನು ದಾಖಲಿಸುತ್ತಾರಂತೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ಬುಲ್ಡೋಜರ್ ಓಡಿದ ಹಳೆಯ ಗೆರೆಗಳಲ್ಲಿ ಹಲವು ದಶಕಗಳಾದರೂ ಮರ ಬಂದಿಲ್ಲ. ತೋಳಗಳು ಆ ಗೆರೆಗಳನ್ನೇ ದಾರಿ ಮಾಡಿಕೊಂಡು ಕ್ಯಾರಿಬೂ ಎಂಬ ಹಿಮಸಾರಂಗಗಳನ್ನು ಸುಲಭವಾಗಿ ತಲುಪುತ್ತವೆ.

ಹೀಗಿರುವಾಗ, ಈಶಾನ್ಯ ಆಲ್ಬರ್ಟಾದ ಮರಳುನೆಲದ ಕಾಡಿನಲ್ಲಿ ಕಾಳ್ಗಿಚ್ಚು ಹಾದುಹೋದ ಗೆರೆಗಳ ಮೇಲೆ, ಬೆಂಕಿ ಕಾಣದ ಗೆರೆಗಳಿಗಿಂತ ಸಸಿಗಳು ದಟ್ಟವಾಗಿ ಎದ್ದಿರುವುದನ್ನು ಅಲ್ಲಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಕಾರಣ ಮರದಲ್ಲೇ ಇದೆ. ಜಾಕ್ ಪೈನ್ ಮರದ ಕಾಯಿ ಅಂಟಿನಿಂದ ಬಿಗಿದುಕೊಂಡು ವರ್ಷಗಟ್ಟಲೆ ಕೊಂಬೆಯಲ್ಲೇ ಇರುತ್ತದೆ. ಬೆಂಕಿಯ ಕಾವಿಗೆ ಅಂಟು ಕರಗಿ, ಕಾಯಿ ಬಿರಿದು, ಬೀಜ ಬೂದಿಯ ಮೇಲೆ ಉದುರುತ್ತದೆ. “ಬೆಂಕಿಯೇ ಗೆರೆ ಅಳಿಸಿತು ಮಾವ” ಎಂದ ಹುಡುಗ. ಅಣ್ಣಯ್ಯ ಹಿಡಿದುಕೊಂಡದ್ದು ಈ ಒಂದು ವಾಕ್ಯವನ್ನು.

ಅನಂತರ ಅವನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲವೇನೋ. ಜೌಗು ನೆಲದಲ್ಲಿ ಯಂತ್ರದ ಭಾರಕ್ಕೆ ಸಣ್ಣ ದಿಬ್ಬಗಳೆಲ್ಲ ಸಮವಾದ ಕಡೆ ಸಸಿಗೆ ಒಣ ನೆಲೆ ಸಿಗುವುದಿಲ್ಲ. ಎದ್ದ ಸಸಿ ಕಾಯಿ ಕಟ್ಟುವ ವಯಸ್ಸಿಗೆ ಬರುವ ಮೊದಲೇ ಇನ್ನೊಮ್ಮೆ ಬೆಂಕಿ ಬಿದ್ದರೆ, ಮುಂದಕ್ಕೆ ಬೀಜವೇ ಇರುವುದಿಲ್ಲ. ಅಳೆದು ತೂಗಿ ಮಾತನಾಡುವ ಹುಡುಗ ಅವನು. ಗಟ್ಟಿ ದನಿಯವರ ಜಗಲಿಯಲ್ಲಿ ಅಂಥವರ ಮಾತು ಹಿಂದೆ ಬೀಳುತ್ತದೆ.

ಮರುದಿನ ಮಳೆ ಹೊಳವಾದಾಗ ಮೂವರೂ ಬೆಟ್ಟ ಹತ್ತಿದೆವು. ಕಾಳಿ ದಂಡೆಯ ಕೈಗಾದಲ್ಲಿ, ಅಣೆಕಟ್ಟುಗಳಲ್ಲಿ ಹುಟ್ಟುವ ವಿದ್ಯುತ್ತು ಹೊರಗೆ ಹೋಗಬೇಕಾದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಡನ್ನು ದಾಟಲೇಬೇಕು. ಹಾಗಾಗಿ ನಮ್ಮಲ್ಲೂ ಗೆರೆಗಳಿವೆ. ತಂತಿಯ ಕೆಳಗೆ ಮರ ಬೆಳೆಯಗೊಡುವಂತಿಲ್ಲ ಎಂದು ಮತ್ತೆ ಮತ್ತೆ ಕಡಿಯುತ್ತಾರೆ, ಬಿಸಿಲು ಬಿದ್ದಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಕಳೆ ಹಬ್ಬುತ್ತದೆ, ಬೇಸಿಗೆಯಲ್ಲಿ ಅದು ಒಣಗಿ ನಿಲ್ಲುತ್ತದೆ. ಮಾರ್ಚ್‌ನಲ್ಲಿ ಬೆಂಕಿ ಹತ್ತಿದ್ದು ಅಲ್ಲಿಯೇ.

ಈಗ ಆ ಗೆರೆ ಹಸಿರಾಗಿದೆ. ಕರಕಲಾದ ಕವಲು ಮರದ ಬುಡದಿಂದ ಕೆಂಪು ಚಿಗುರು ಒಡೆದಿದೆ, ಮತ್ತಿ ಮರವೂ ದಪ್ಪ ತೊಗಟೆಯ ಬಲದಿಂದ ಬದುಕಿಕೊಂಡಿದೆ. ಅಣ್ಣಯ್ಯ ಅದನ್ನೇ ತೋರಿಸಿ, “ನೋಡು, ನಾನು ಹೇಳಲಿಲ್ಲವೇ” ಎಂದರು. ಆದರೆ ಹತ್ತಿರ ಕುಳಿತು ನೋಡಿದರೆ ಹಸಿರಿನ ಹೆಚ್ಚಿನ ಪಾಲು ಕಮ್ಯುನಿಸ್ಟ್ ಗಿಡದ್ದೇ. ಸುಟ್ಟ ಒಂದೊಂದು ಬುಡದಿಂದಲೂ ಹಿಂಡು ಹಿಂಡಾಗಿ ಮೇಲೆದ್ದಿತ್ತು. ಬೆಂಕಿ ಗೆರೆಯಲ್ಲೇ ನಿಲ್ಲದೆ ಹಳ್ಳದವರೆಗೂ ಇಳಿದಿತ್ತು. ಅಲ್ಲಿ ತೋಳುದಪ್ಪದ ರಾಮಪತ್ರೆ ಮರದ ತೊಗಟೆ ಸೀಳಿತ್ತು. ಹುಡುಗ ಉಗುರಿನಿಂದ ಕೆರೆದಾಗ ಒಳಗೆ ಹಸಿ ಇರಲಿಲ್ಲ, ಕಂದು ಪುಡಿ ಉದುರಿತು.

ರಾಮಪತ್ರೆಯ ಬೀಜ ಬೆಂಕಿಗಾಗಿ ಕಾಯುವುದಿಲ್ಲ. ಬಿದ್ದ ಕೆಲವೇ ದಿನಗಳಲ್ಲಿ ತಂಪು, ನೆರಳು ಸಿಗದಿದ್ದರೆ ಒಣಗಿ ಸಾಯುತ್ತದೆ. ಕೆನಡಾದ ಆ ಮರ ಬೆಂಕಿಯೊಡನೆ ಸಾವಿರಾರು ವರ್ಷ ಬಾಳಿ ಕಲಿತ ವಿದ್ಯೆ ಇಲ್ಲಿಯ ನಿತ್ಯಹರಿದ್ವರ್ಣದ ಮರಕ್ಕೆ ಇಲ್ಲ, ಏಕೆಂದರೆ ಇಲ್ಲಿಯ ಬೆಂಕಿ ಬಹುಪಾಲು ಮನುಷ್ಯನ ಕೈಯಿಂದ ಹತ್ತಿದ್ದು. ಒಂದು ದೇಶದ ಕಾಡಿನ ಪಾಠವನ್ನು ಇನ್ನೊಂದಕ್ಕೆ ಹೊರಿಸುವ ಉತ್ಸಾಹ ನನ್ನನ್ನು ಹೆದರಿಸುವುದು ಇದಕ್ಕೇ: ಅಣ್ಣಯ್ಯನಂಥ ಕಾಡುಪ್ರೀತಿಯ ಮನುಷ್ಯನ ಬಾಯಲ್ಲಿ ಬಂದ ಆ ಮಾತು, ನಾಳೆ ಬೇಕೆಂದೇ ಕಡ್ಡಿ ಗೀರುವವನಿಗೆ ಸಮರ್ಥನೆಯಾಗಬಹುದು.

ನಾನು ಇದನ್ನು ಅಲ್ಲಿಯೇ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ. ಅಣ್ಣಯ್ಯ ಒಪ್ಪಿದೆನೆಂದು ಬಾಯಿಬಿಟ್ಟು ಹೇಳಲಿಲ್ಲ. ಕೆಳಗಿಳಿಯುವಾಗ ಮಾತ್ರ, “ದೀಪಾವಳಿಗೆ ಮೊದಲು, ಹೂ ಬಿಡುವುದಕ್ಕಿಂತ ಮುಂಚೆ ಆ ಗಿಡ ಕೀಳಿಸೋಣ, ಆಳಿನ ಖರ್ಚು ಅರ್ಧ ನನ್ನದು” ಎಂದರು. ಹಳ್ಳದ ಬದಿಗೆ ದರಕು, ಅಂದರೆ ಉದುರಿದ ಒಣ ಎಲೆ, ಬಳಿದು ಬೆಂಕಿಗೆರೆ ತೆಗೆಯುವ ಕೆಲಸವನ್ನು ಡಿಸೆಂಬರ್‌ನಲ್ಲೇ ಮುಗಿಸಬೇಕೆಂದು ನಾನು ಸೇರಿಸಿದೆ.